ತಾಯವ್ವ ಪಾಸಾದಳು

ಅಪ್ಪಾ,

ತಾಯವ್ವ ಏಳನೇ ಇಯತ್ತೆ ಪಾಸಾದಳು! ಎರಡನೇ ಸಲ ಬರೆದ ಗಣಿತದಲ್ಲಿಯೂ! ಬೆಳಿಗ್ಗೆ ರಿಜಲ್ಟ್ ಬಂತು. ಅವಳಪ್ಪ ಉಡಚಪ್ಪ ಕಾಕಾ ಓಡಿ ಬಂದು, "ಹೈಸ್ಕೂಲಿಗೆ ಹೆಸರು ಹಚ್ಚಬೇಕು, ನನಗ ಏನೂ ತಿಳ್ಯಂಗಿಲ್ಲ, ನೀನೂ ಬಾರವಾ" ಅಂದ. ಅವರಿಬ್ಬರ ಜೊತೆ ಅಣ್ಣಿಗೇರಿಗೆ ಹೊರಟಿದ್ದೇನೆ.

ರೊಟ್ಟಿ ಬುಟ್ಟಿಯಲ್ಲಿದೆ, ಪುಂಡಿ ಪಲ್ಯ ಒಲೆಯ ಬಾಜು ಇದೆ. ಎಮ್ಮೆಗೆ ನೀರು ಕುಡಿಸು. ಚಹಾಕ್ಕೆ ಸಕ್ಕರೆ ಹುಡುಕಬೇಡ. ಇದ್ದದ್ದನ್ನೆಲ್ಲ ಓಣಿಗೆ ಹಂಚಿಬಿಟ್ಟೆ. ಬೈಯುವುದಿದ್ದರೆ ನಾನು ಬಂದ ಮೇಲೆ ಬೈಯಿ.

ಶಾಲೆ ಶುರುವಾಗಿದೆಯಲ್ಲ, ಸಂಜೆ ನನ್ನ ಹತ್ತಿರ ಕಲಿಯುವ ಹುಡುಗಿಯರು ಮನೆಪಾಠದ ಪ್ರಶ್ನೆಗಳನ್ನು ಹಿಡಿದುಕೊಂಡು ಬರುತ್ತಾರೆ. "ಇದೇನು ಮನಿಯೋ, ಸಾಲಿಯೋ?" ಎಂದು ಇವತ್ತು ಓಡಿಸಬೇಡ. ಪಡಸಾಲೆಯಲ್ಲಿ ಕೂರಿಸಿ ನೀನೇ ಹೇಳಿಕೊಡು. ಲೆಕ್ಕ, ಭೂಗೋಳ, ಇತಿಹಾಸ ಎಲ್ಲ ನಿನಗೆ ಬರುತ್ತವೆ. ಇಂಗ್ಲಿಷ್ ಮಾತ್ರ ನನಗೆ ಬಿಡು. ನೀನು ಮಂಚದ ಮೇಲೆ ನಿದ್ದೆ ಬಂದವರ ಹಾಗೆ ಮಲಗಿ, ಅವರು ತಪ್ಪಿದಾಗೆಲ್ಲ "ಹಂಗಲ್ಲಬೇ" ಎಂದು ತಿದ್ದುತ್ತಿದ್ದದ್ದು ನಮಗೆಲ್ಲ ಗೊತ್ತು. ಅಜ್ಜನ ಹೊಲ ನಿಮ್ಮ ಅಣ್ಣತಮ್ಮಂದಿರಲ್ಲಿ ಹೇಗೆ ಪಾಲಾಯಿತೆಂದು ನೀನು ಸಿಟ್ಟಿನಲ್ಲಿ ಹೇಳಿದ ಮೇಲೆಯೇ ತಾಯವ್ವನಿಗೆ ಭಿನ್ನರಾಶಿ ತಲೆಗೆ ಹತ್ತಿದ್ದು. ಅವಳೇ ಹಾಗೆಂದಳು.

ಇನ್ನು ಬರೆಯಲು ಪುರುಸೊತ್ತಿಲ್ಲ. ಈ ಸಲವೂ ಫೇಲಾದರೆ ಮಗಳನ್ನು ಶಾಲೆ ಬಿಡಿಸಿ ಕಳೆ ತೆಗೆಯಲು ಕಳಿಸುತ್ತೇನೆ ಎನ್ನುತ್ತಿದ್ದ ಉಡಚಪ್ಪ ಕಾಕಾ ಹೊಸ ರುಮಾಲು ಸುತ್ತಿಕೊಂಡು ಅಂಗಳದಲ್ಲಿ ನಿಂತಿದ್ದಾನೆ. "ಲಗೂ ಬಾರವಾ, ಬಸ್ಸು ತಪ್ಪಿದರ ನಾ ಇಕಿನ್ನ ಹೆಗಲ ಮ್ಯಾಲೆ ಹೊತ್ಕೊಂಡು ಹೋಗಾಂವ!" ಎಂದು ಇಡೀ ಓಣಿಗೆ ಕೇಳುವ ಹಾಗೆ ಕೂಗುತ್ತಿದ್ದಾನೆ.

ಅನ್ನವ್ವ