ಬಾಗಿಲಿಲ್ಲದ ಪಿಕಪ್

ಕಡಬ
೨೦ ಅಕ್ಟೋಬರ್ ೧೯೬೩

ತೀರ್ಥರೂಪ ಅಪ್ಪನಿಗೆ ಮಗಳು ಸೇವಂತಿಯ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಸಿಟ್ಟಾಗಬೇಡಿ. ಬರೆಯಲು ಕೂತಾಗಲೆಲ್ಲ ಯಾರಾದರೂ ಬಂದು ಸಂಘದ ಮಾತೆತ್ತುತ್ತಾರೆ. ಯಾರೂ ಬಾರದಿದ್ದರೆ ನಾನೇ ಎದ್ದು ಅಂಗಳದಲ್ಲಿ ತಿರುಗಲು ಶುರುಮಾಡುತ್ತೇನೆ. "ನಿನ್ನ ಕಾಲಿಗೆ ಎಂತ ಚಕ್ರ ಕಟ್ಟಿದ್ದಾರಾ?" ಎಂದು ಅವ್ವ ಬೈಯುತ್ತಾಳೆ. ಹಬ್ಬ ಹೇಗೋ ಕಳೆಯಿತು. ಅವ್ವ ಕ್ಷೇಮ. ತಿಮ್ಮಕ್ಕತ್ತೆಯ ಮೊಣಕಾಲು ಹೇಗುಂಟು ಎಂದು ವಿಚಾರಿಸಲು ಹೇಳಿದ್ದಾಳೆ. ನಿಮ್ಮ ಹೊಸ ಕನ್ನಡಕ ಸರಿಹೊಂದಿತೇ? ಕಣ್ಣು ಮಂಜಾಯಿತೆಂದು ಲಾರಿ ಬಿಟ್ಟು, ಜಾಲ್ಸೂರಿನ ಗ್ಯಾರೇಜಿನಲ್ಲಿ ಕೂತು ಬೇರೆಯವರ ಎಂಜಿನಿಗೆ ಕಿವಿ ಕೊಡುವುದು ನಿಮಗೆ ಎಷ್ಟು ಬೇಸರವೆಂದು ನನಗೆ ಗೊತ್ತು. ಈಗ ನಮಗೆ ಬೇಕಾಗಿರುವುದು ಆ ಕಿವಿಯೇ.

ನಮ್ಮ ಬೀಡಿ ಕಟ್ಟುವವರ ಸಹಕಾರಿ ಸಂಘ ಸ್ವಂತ ಪಿಕಪ್ ಕೊಳ್ಳುವುದೆಂದು ತೀರ್ಮಾನವಾಯಿತು. ಇಷ್ಟು ಕಾಲ ಪುತ್ತೂರಿನಿಂದ ಎಲೆ, ಹೊಗೆಸೊಪ್ಪು ಬರುತ್ತಿದ್ದದ್ದು ಗುತ್ತಿಗೆದಾರನ ಲಾರಿಯಲ್ಲಿ. ಕಟ್ಟಿದ ಬೀಡಿ ಹೋಗುತ್ತಿದ್ದದ್ದೂ ಅದರಲ್ಲೇ. ನಾವು ಸಂಘ ಕಟ್ಟಿದ ಸಿಟ್ಟಿಗೆ ಅವನು ಆಟಿ ತಿಂಗಳ ಜಡಿಮಳೆಯಲ್ಲಿ ಲಾರಿ ಕಳುಹಿಸುವುದನ್ನೇ ನಿಲ್ಲಿಸಿಬಿಟ್ಟ. ಹೆಂಗಸರು ಖಾಲಿ ಮೊರ ಎದುರಿಟ್ಟುಕೊಂಡು ಜಗಲಿಯಲ್ಲಿ ಕೂತರು. ದುಡಿಯುವ ಸಾಧನ ದುಡಿಯುವವರ ಕೈಯಲ್ಲೇ ಇರಬೇಕು ಎಂದು ನಾನು ಸಹಕಾರಿ ಪುಸ್ತಿಕೆ ನೋಡಿ ಓದಿದಾಗ ಕುಂಞಿಪಾತುಮ್ಮ ನಕ್ಕಿದ್ದಳು. ನೆನಪುಂಟಲ್ಲ, ಮಸೀದಿಯ ಹಿಂದಿನ ಮನೆಯವಳು, ನಮ್ಮೆಲ್ಲರಿಗಿಂತ ಬೇಗ ಬೀಡಿ ಕಟ್ಟುವವಳು. ಮೊರ ಖಾಲಿಯಾದ ಮೇಲೆ ಅವಳೇ ಬಂದು, "ಸೇವಂತೀ, ನಿನ್ನ ಪುಸ್ತಕದಲ್ಲಿ ಗಾಡಿಯ ಬಗ್ಗೆ ಎಂತ ಬರೆದಿದ್ದಾರೆ, ಅದನ್ನು ಓದು ಮಾರಾಯ್ತಿ" ಎಂದಳು. ಗಾಡಿಯ ಬಗ್ಗೆ ಅದರಲ್ಲಿ ಏನೂ ಇಲ್ಲ ಅಪ್ಪ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಎರಡು ಗಾಡಿ ನೋಡಿದ್ದೇವೆ. ಒಂದು ಪುತ್ತೂರಿನ ವ್ಯಾಪಾರಿಯದ್ದು. ಯುದ್ಧಕಾಲದ ಮಿಲಿಟರಿ ಗಾಡಿ, ಆರು ಸಿಲಿಂಡರ್, ಅಗಲ ಮೂತಿ, ಹೊಸದಾಗಿ ಹೊಡೆದ ನೀಲಿ ಬಣ್ಣ, ಎರಡೂ ಕಡೆ ಗಾಜು ಏರಿಸುವ ತಗಡಿನ ಬಾಗಿಲು. ಇನ್ನೊಂದು ನೆಲ್ಯಾಡಿಯ ರಬ್ಬರ್ ತೋಟದ ಜೀಪು ಪಿಕಪ್. ಅದಕ್ಕೆ ಬಾಗಿಲೇ ಇಲ್ಲ, ಮಳೆಗೆ ಇಳಿಬಿಡುವ ಕ್ಯಾನ್ವಾಸ್ ಪರದೆ ಮಾತ್ರ. ಹತ್ತಿರ ಹೋದರೆ ರಬ್ಬರ್ ಶೀಟಿನ ವಾಸನೆ ಈಗಲೂ ಮೂಗಿಗೆ ಬಡಿಯುತ್ತದೆ.

ನೀವು ಕಲಿಸಿದ ಹಾಗೆ ನಾನು ಮೈಲಿ ಮೀಟರನ್ನು ನಂಬಲಿಲ್ಲ, ಪೆಡಲ್ ನೋಡಿದೆ. ನೀಲಿ ಗಾಡಿಯ ಮೀಟರು ಅದು ಹೆಚ್ಚು ಓಡಿಲ್ಲ ಎನ್ನುತ್ತದೆ. ಕ್ಲಚ್ ಪೆಡಲಿನ ರಬ್ಬರು ಸವೆದು ಒಳಗಿನ ಕಬ್ಬಿಣ ಹೊಳೆಯುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ತೋರಿಸಿ ಎಂದು ಕೇಳೋಣವೆಂದರೆ, ನಾವು ಹೋಗುವಷ್ಟರಲ್ಲಿ ಎಂಜಿನ್ ಬಿಸಿ ಮಾಡಿಯೇ ಇಟ್ಟಿದ್ದರು. ಜೀಪು ಬಹಳ ಓಡಿದೆ, ಅದನ್ನು ತೋಟದವರು ಮುಚ್ಚಿಡಲಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಹ್ಯಾಂಡಲ್ ಹಾಕಿದ ಕೂಡಲೇ ಹಿಡಿಯಿತು. ಹೊಗೆಕೊಳವೆಗೆ ಬಿಳಿ ಬಟ್ಟೆ ಹಿಡಿದೆ, ಎಣ್ಣೆ ಹಾರಲಿಲ್ಲ. ಕೆಳಗೆ ಮಲಗಿ ಚಾಸಿ ನೋಡಿದೆ. ಒಂದು ಕಡೆ ಬೆಸುಗೆ ಉಂಟು, ಹಳೆಯದು, ಗಟ್ಟಿಯಾಗಿದೆ. ಸ್ಟೇರಿಂಗು ಸಡಿಲಾಗಿ ಸ್ವಲ್ಪ ಆಟ ಉಂಟು. ಅದರ ಸಾಮಾನೆಲ್ಲ ಪುತ್ತೂರಿನಲ್ಲೇ ಸಿಗುತ್ತದೆ. ನೀಲಿ ಗಾಡಿಗೆ ಒಂದು ಬುಷ್ ಬೇಕಾದರೂ ಮದರಾಸಿಗೆ ಬರೆಯಬೇಕು. ದಿನಾ ಪುತ್ತೂರಿಗೆ ಹೋಗಿ ಬರುವ ಗಾಡಿ ಮದರಾಸಿನ ಅಂಚೆಗೆ ಕಾಯುತ್ತಾ ಕೂರಲಿಕ್ಕಾಗುತ್ತದೆಯೇ?

ಆದರೆ ನಮ್ಮ ಅಧ್ಯಕ್ಷ ತ್ಯಾಂಪಣ್ಣನವರಿಗೆ ನೀಲಿಯೇ ಆಗಬೇಕು. "ಬಾಗಿಲಿಲ್ಲದ್ದನ್ನು ಗಾಡಿ ಅಂತ ಹೇಗೆ ಹೇಳುದು? ಮಳೆ ಬಂದರೆ ಡ್ರೈವರ ನೆನೆಯುದಾ?" ಎಂದು ಅವರ ವಾದ.

"ಬೀಡಿ ನೆನೆಯುದಿಲ್ಲ ಅಲ್ವಾ, ಸಾಕು" ಎಂದಳು ಕುಂಞಿಪಾತುಮ್ಮ. "ಆ ನೀಲಿದು ಹೊರಗೆ ಎಲೆ ಚಂದ, ಒಳಗೆ ಪುಡಿ ಇಲ್ಲ. ಅಂಥ ಬೀಡಿ ನಾನು ಕಟ್ಟಿದರೆ ನೀವು ಮೊರದಿಂದ ತೆಗೆದು ಬಿಸಾಡ್ತೀರಿ ತ್ಯಾಂಪಣ್ಣೆರೆ."

ನಾನು ಬಾಗಿಲಿನ ಬಗ್ಗೆ ನಿಮ್ಮ ಮಾತನ್ನೇ ಹೇಳಿದೆ. ಪುತ್ತೂರಿನ ದಾರಿಯಲ್ಲಿ ಕುಮಾರಧಾರೆಗೆ ಸೇತುವೆ ಇಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಗಾಡಿ ಹತ್ತಿಸಿಯೇ ಕಡವು ದಾಟಬೇಕು. ಜಂಗಲ್ ಹತ್ತುವ ಗಾಡಿಗೆ ಬಾಗಿಲಿರಬಾರದು, ಇದ್ದರೆ ತೆರೆದು ಹಗ್ಗದಲ್ಲಿ ಕಟ್ಟಬೇಕು ಎಂದು ನೀವು ಹೇಳುತ್ತಿದ್ದಿರಿ. ಅಣ್ಣ ಆ ಕಡವಿನಲ್ಲೇ ಲಾರಿ ಸಮೇತ ಮುಳುಗಿಹೋದದ್ದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಲ್ಲ. ಅವ್ವ ಆಮೇಲೆ ಒಂದು ದಿನವೂ ಆ ದಾರಿ ಹಿಡಿದವಳಲ್ಲ.

ಇನ್ನೊಂದು ಸುದ್ದಿ. ಗಾಡಿ ಓಡಿಸುವವಳು ನಾನು. ಪುತ್ತೂರಿನಲ್ಲಿ ಬ್ರೇಕ್ ಇನ್ಸ್‌ಪೆಕ್ಟರ ಎದುರು ಪರೀಕ್ಷೆ ಕೊಟ್ಟು ಲೈಸೆನ್ಸ್ ತೆಗೆದಿದ್ದೇನೆ. "ಸೀರೆ ಉಟ್ಟು ಬ್ರೇಕ್ ಹೊಡೆಯುದು ಹೇಗೆ?" ಎಂದು ಅವರು ಕೇಳಿದರು. "ಕಾಲಿನಲ್ಲಿ" ಎಂದೆ. ಅವರು ಕಾಗದಕ್ಕೆ ಸಹಿ ಹಾಕಿದರು. ಕೊಯ್ಲಾದ ಗದ್ದೆಯಲ್ಲಿ ಅಣ್ಣನಿಗೆ ಲಾರಿ ಕಲಿಸುವಾಗ ನನ್ನನ್ನೂ ಸೀಟಿಗೆ ಹತ್ತಿಸಿ, "ಇವಳ ಕೈ ನಿನಗಿಂತ ಹದ ಉಂಟು" ಎಂದು ಅಣ್ಣನನ್ನು ರೇಗಿಸಿದವರು ನೀವು. ಇಲ್ಲಿನ ಗಂಡಸರಿಗೆ ಇದು ಅಷ್ಟು ರುಚಿಸಿಲ್ಲ. ಬೀಡಿ ಹೆಂಗಸರದ್ದು, ಸಂಘ ಹೆಂಗಸರದ್ದು, ಸ್ಟೇರಿಂಗ್ ಮಾತ್ರ ಯಾಕೆ ಬೇರೆಯವರ ಕೈಯಲ್ಲಿರಬೇಕು ಎಂದು ಕೇಳಿದರೆ ಎಲ್ಲರೂ ಮಾಡಿನ ಹೆಂಚು ನೋಡುತ್ತಾರೆ.

ಬುಧವಾರ ತ್ಯಾಂಪಣ್ಣನವರು ಕಾಸರಗೋಡಿಗೆ ಹೋಗುವವರು ಜಾಲ್ಸೂರಿನಲ್ಲಿ ಇಳಿದು ನಿಮ್ಮನ್ನು ಕಾಣುತ್ತಾರೆ. "ಡೊಂಬಯ್ಯ ಹೇಳಿದ ಹಾಗೆ ಮಾಡುವ" ಎಂದು ಸಭೆಯಲ್ಲಿ ಒಪ್ಪಿದ್ದಾರೆ. ಗಾಡಿಯ ಬಗ್ಗೆ ಹೇಳುವಾಗ ನನ್ನ ಬಗ್ಗೆಯೂ ಒಂದು ಮಾತು ಹೇಳಿ ಅಪ್ಪ. ಉಳಿದದ್ದನ್ನೆಲ್ಲ ನಾನು ವಾದ ಮಾಡಿ ಗೆಲ್ಲಬಲ್ಲೆ. ಇದೊಂದು ನಿಮ್ಮ ಬಾಯಿಂದಲೇ ಬರಬೇಕು.

ನಿಮ್ಮ ಪ್ರೀತಿಯ
ಸೇವಂತಿ


ಕಡಬ
೧೦ ನವೆಂಬರ್ ೧೯೬೩

ತೀರ್ಥರೂಪ ಅಪ್ಪನಿಗೆ ಸೇವಂತಿಯ ನಮಸ್ಕಾರಗಳು.

ತ್ಯಾಂಪಣ್ಣನವರು ನಿಮ್ಮಲ್ಲಿಂದ ಬಂದ ಕೂಡಲೇ ಬರೆಯಬೇಕಿತ್ತು. ಬರೆದೆ, ಹರಿದೆ. ಅವ್ವ ಒಲೆಗೆ ಹಾಕಲು ಕಾಗದ ಬೇಕೆಂದಾಗ ಎಲ್ಲ ಕೊಟ್ಟೆ. ಈಗ ಹೊರಗೆ ಹೆಂಗಸರು ಎಲೆ ಕತ್ತರಿಸುತ್ತಿದ್ದಾರೆ. ಆ ಶಬ್ದ ಕೇಳುತ್ತಾ ಬರೆಯುತ್ತೇನೆ, ಇಲ್ಲದಿದ್ದರೆ ಮತ್ತೆ ಎದ್ದುಬಿಡುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಮಾತು ನಿಂತಿತು. ಜೀಪು ಪಿಕಪ್ಪನ್ನೇ ಕೊಂಡೆವು. ತ್ಯಾಂಪಣ್ಣನವರು ನೀಲಿ ಗಾಡಿಯ ಹೆಸರು ಮತ್ತೆ ಎತ್ತಲಿಲ್ಲ. ಕೊಳ್ಳುವ ಮೊದಲು ಕಡವಿನಲ್ಲಿ ಒಮ್ಮೆ ದಾಟಿಸಿ ನೋಡುವ ಎಂದರು. ಬಸ್ಸಿನಲ್ಲಿ ಡ್ರೈವರಾಗಿದ್ದ ಸರ್ವೋತ್ತಮನನ್ನು ಕರೆದುಕೊಂಡು ಬಂದಿದ್ದರು. ಒಳ್ಳೆಯ ಹುಡುಗ, ಆದರೆ ಅವನು ಓಡಿಸಿದ್ದೆಲ್ಲ ಟಾರು ರಸ್ತೆಯಲ್ಲಿ. ಜಂಗಲ್ ಹತ್ತಿಸಿದವನಲ್ಲ.

ಹೊಳೆ ಇಳಿದಿತ್ತು, ಸೆಳೆತ ಇಳಿದಿರಲಿಲ್ಲ. ಜಂಗಲ್ ನಡೆಸುವ ಪೋಕರ್ ದಡಕ್ಕೆ ಎರಡು ಹಲಗೆ ಹಾಕಿ, ತಾನು ಎದುರು ನಿಂತು ಕೈ ತೋರಿಸಿದ. ಸರ್ವೋತ್ತಮ ಮುಂದಿನ ಚಕ್ರ ಹಲಗೆಗೆ ಹತ್ತಿಸಿದ. ಭಾರಕ್ಕೆ ಜಂಗಲ್ ಬಗ್ಗಿತು. ಬಗ್ಗಿದ ಕೂಡಲೇ ಅವನು ಬ್ರೇಕ್ ಹೊಡೆದ. ಹಲಗೆ ಹತ್ತಿದ ಮೇಲೆ ಗಾಡಿಗೆ ಬ್ರೇಕೇ ಇಲ್ಲವೆಂದು ತಿಳಿದುಕೋ ಎಂದು ನೀವು ಅಣ್ಣನಿಗೂ ನನಗೂ ಹೇಳುತ್ತಿದ್ದಿರಿ. ಅವನಿಗೆ ಹೇಳಿದವರು ಯಾರೂ ಇಲ್ಲ. ಗಾಡಿ ಒದ್ದ ಹಾಗಾಗಿ ಜಂಗಲ್ ದಡ ಬಿಟ್ಟು ಸರಿಯಿತು. ಪೋಕರ್ ಹಗ್ಗ ಹಿಡಿದು, "ಬಿಡು ಮಾರಾಯ, ಕಾಲು ಬಿಡು" ಎಂದ. ಸರ್ವೋತ್ತಮ ಕಾಲು ಬಿಡಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಪಕ್ಕಕ್ಕೆ ಹಾರಿಬಿಟ್ಟ. ಬಾಗಿಲಿಲ್ಲದ್ದರಿಂದ ಹಾರಲಿಕ್ಕೆ ಆಯಿತು.

ನಾನು ಯಾರನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ನಾಲ್ಕೂ ಚಕ್ರ ಎಳೆಯಲೆಂದು ಮುಂದಿನ ಚಕ್ರಕ್ಕೂ ಗೇರ್ ಕೊಟ್ಟೆ. ಪೋಕರ್ ಹಗ್ಗ ಬಿಗಿದು ಜಂಗಲನ್ನು ದಡಕ್ಕೆ ತಂದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಿದೆ. ಅವನ ಕೈ ಬಿಟ್ಟು ಬೇರೆ ಯಾವುದನ್ನೂ ನೋಡಲಿಲ್ಲ, ನೀರನ್ನಂತೂ ನೋಡಲೇ ಇಲ್ಲ. ಗಾಡಿ ಒಂದೇ ನಡಿಗೆಯಲ್ಲಿ ಹತ್ತಿ ಜಂಗಲಿನ ನಡುವೆ ನಿಂತಿತು. ಪೋಕರ್ ಚಕ್ರಗಳಿಗೆ ಮರದ ಅಡೆ ಕೊಟ್ಟು, "ಡೊಂಬಯ್ಯಣ್ಣನ ಕೈ ಇದು" ಎಂದ. ದಡದಲ್ಲಿ ಕುಂಞಿಪಾತುಮ್ಮ, "ಬ್ರೇಕ್ ಎಲ್ಲಿ ಉಂಟು ಅಂತ ಗಂಡಸರಿಗೆ ತೋರಿಸಿ ಕೊಡು, ಪಾಪ" ಎಂದು ಎಲ್ಲರನ್ನೂ ನಗಿಸಿದಳು. ತ್ಯಾಂಪಣ್ಣನವರು ಮಾತ್ರ ನಗಲಿಲ್ಲ.

ಸಂಜೆ ಸಭೆ. ಗಾಡಿ ಜೀಪು, ಡ್ರೈವರ್ ಸರ್ವೋತ್ತಮ ಎಂದು ತೀರ್ಮಾನ. ಕಾರ್ಯದರ್ಶಿ ನಾನಲ್ಲವೇ, ಅದನ್ನು ಬರೆದದ್ದೂ ನಾನೇ. "ನೀನು ಕಾರ್ಯದರ್ಶಿ ಆಗಿರು, ಬೇಕಾದರೆ ಮಂತ್ರಿಯೂ ಆಗು. ಸ್ಟೇರಿಂಗ್ ಒಂದು ಬೇಡ" ಎಂದರು ತ್ಯಾಂಪಣ್ಣನವರು. ಪಕ್ಕದಲ್ಲಿ ಕೂತು ಹೋಗಬಹುದಂತೆ, ಎಲೆ ತೂಗಿಸಿಕೊಂಡು ಬರಲಿಕ್ಕೆ. ನಾನು ಎದುರಾಡಲಿಲ್ಲ. ಯಾವಾಗಲೂ ಎದುರಾಡುವವಳು ಸುಮ್ಮನೆ ಕೂತದ್ದು ನೋಡಿ ಹೆಂಗಸರೂ ಸುಮ್ಮನಾದರು. ನನಗೆ ಈಗ ಹೆಚ್ಚು ನೋಯುವುದು ಅದು.

ಮರುದಿನ ಸರ್ವೋತ್ತಮ ಮನೆಗೇ ಬಂದ. ತಲೆ ಕೆರೆದುಕೊಂಡು, "ಅಕ್ಕಾ, ಕಡವು ಬಂದಾಗ ನೀವೇ ಹತ್ತಿಸಿ. ಆಚೆ ದಡದಲ್ಲಿ ನನಗೆ ಕೊಡಿ. ಪೋಕರ್ ಯಾರಿಗೂ ಹೇಳುದಿಲ್ಲ" ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ, ಅವನು ನಿಜ ಹೇಳಿದ. ಆದರೆ ನಾನು ಒಪ್ಪಲಿಲ್ಲ. ಕಷ್ಟದ ಜಾಗದಲ್ಲಿ ನಾನು ಕದ್ದು ಓಡಿಸುವುದು, ಊರೊಳಗೆ ಹಾರ್ನ್ ಹೊಡೆದುಕೊಂಡು ಅವನು ಬರುವುದು, ಇದು ಯಾವ ನ್ಯಾಯ? ಗುತ್ತಿಗೆದಾರ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ?

ಗುರುವಾರ ಬೆಳಿಗ್ಗೆ ಮೊದಲ ಲೋಡು. ಸ್ಟೇರಿಂಗಿನ ಆಟ ಹೋಗಿದೆ, ಹೊಸ ಬುಷ್ ಹಾಕಿಸಿದೆವು. ಟಯರು ಹಿಂದಿನದ್ದು ಒಂದು ಸವೆದಿದೆ, ಮಳೆಗಾಲಕ್ಕೆ ಬದಲಿಸಬೇಕು. ಚೆನ್ನಾಗಿ ನೋಡಿಕೊಂಡರೆ ಈ ಗಾಡಿ ಬಹಳ ವರ್ಷ ಓಡುತ್ತದೆ. ಅವ್ವ ನಿಮಗೆ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ. ಕನ್ನಡಕ ಹಾಕದೆ ಗ್ಯಾರೇಜಿನ ಗುಂಡಿಗೆ ಇಳಿಯಬೇಡಿ. ತಿಮ್ಮಕ್ಕತ್ತೆಗೆ ನನ್ನ ನಮಸ್ಕಾರ. ಯಾವಾಗಲೂ ಕಾಗದದ ಕೊನೆಗೆ ನಿಮ್ಮ ಆಶೀರ್ವಾದ ಕೇಳುತ್ತೇನೆ. ಈ ಸಲ ಕೇಳದೆಯೇ ಕೊಡುತ್ತೀರೆಂದು ನಂಬಿದ್ದೇನೆ.

ನಿಮ್ಮ ಮಗಳು
ಸೇವಂತಿ

ಮತ್ತೆ: ಒಂದು ಮಾತು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ.

ನೀವು ಹೇಳಿದ್ದನ್ನು ತ್ಯಾಂಪಣ್ಣನವರು ಸಭೆಯಲ್ಲಿ ಎಲ್ಲರೆದುರು ಹೇಳಿದರು. "ಗಾಡಿ ಜೀಪೇ ಸರಿ. ಹೆಣ್ಣಿನ ಕೈಗೆ ಮಾತ್ರ ಕೊಡಬೇಡಿ, ಆ ಕೈಗೆ ಬಲ ಸಾಲದು." ಆಮೇಲೆ ನನ್ನ ಕಡೆ ತಿರುಗಿ, "ಅಪ್ಪನೇ ಹೇಳಿದ ಮೇಲೆ ನಾವು ಎಂತ ಮಾಡುದು ಮಗಾ?" ಎಂದರು. ಅದಕ್ಕೆ ಉತ್ತರ ನನ್ನ ಯಾವ ಪುಸ್ತಿಕೆಯಲ್ಲೂ ಇರಲಿಲ್ಲ.

ನೀವು ಯಾಕೆ ಹಾಗೆ ಹೇಳಿದಿರೆಂದು ನನಗೆ ಗೊತ್ತು. ಅಣ್ಣ ಆ ದಿನ ಮಳೆ ಹೊಡೆಯುತ್ತದೆಂದು ಬಾಗಿಲು ಹಾಕಿಕೊಂಡಿದ್ದ. ಲಾರಿ ಮೇಲೆತ್ತಿದ ಮೇಲೆ ನೀವು ನನ್ನನ್ನು ಕರೆದು ಬಾಗಿಲ ಒಳಗಿನ ಹಿಡಿಕೆ ತೋರಿಸಿದಿರಿ. ಬಾಗಿಹೋಗಿತ್ತು. ಅವನ ಕೈಗೆ ಬಲ ಇತ್ತಲ್ಲ ಅಪ್ಪ. ಒಬ್ಬನನ್ನು ಹೊಳೆಗೆ ಕೊಟ್ಟಿದ್ದೇನೆ, ಇವಳನ್ನು ಕೊಡಲಾರೆ ಎಂದು ನೀವು ಹೇಳಿದ್ದರೆ ನಾನು ತಲೆತಗ್ಗಿಸಿ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆನೋ ಏನೋ. ನೀವು ಹೆದರಿಕೆ ಎನ್ನಲಿಲ್ಲ, ಹೆಣ್ಣು ಎಂದಿರಿ. ಈಗ ಅಂಗಡಿ ಜಗಲಿಯಲ್ಲಿ ಕೂತವರೆಲ್ಲ ಆ ಮಾತನ್ನು ನಿಮ್ಮ ಹೆಸರು ಸೇರಿಸಿ ಹೇಳುತ್ತಾರೆ. ನಾಳೆ ಕುಂಞಿಪಾತುಮ್ಮನ ಮಗಳು ಏನಾದರೂ ಕೇಳಿದರೆ ಅವಳಿಗೂ ಅದನ್ನೇ ಹೇಳುತ್ತಾರೆ.

ಗುರುವಾರ ಕಡವಿಗೆ ಬನ್ನಿ. ಎಲ್ಲರೂ ನೋಡುತ್ತಿರುವಾಗಲೇ ನಾನು ಹತ್ತಿಸುತ್ತೇನೆ. ಬೇಡ ಎನ್ನುವುದಿದ್ದರೆ ದಡದಲ್ಲಿ ನಿಂತು, ನಿಜವಾದ ಕಾರಣವನ್ನೇ ಗಟ್ಟಿಯಾಗಿ ಹೇಳಿ. ಅದನ್ನು ಹೇಳಲು ಆಗದಿದ್ದರೆ ಬಂದು ನನ್ನ ಎಡಗಡೆ ಕೂತುಕೊಳ್ಳಿ. ಆ ಕಡೆಗೂ ಬಾಗಿಲಿಲ್ಲ.