ಬರೀ ವಿಟಮಿನ್

ಡಾಕ್ಟರ್ ಶ್ರೀಕಾಂತ್ ಅವರಿಗೆ,

ಹೋದ ತಿಂಗಳು ನಿಮ್ಮ ಐಸಿಯುನಲ್ಲಿ ತೀರಿಕೊಂಡ ಪೀಣ್ಯದ ವೀರೇಶ್ ಅವರ ಹೆಂಡತಿ ನಾನು. ಲೇತ್ ಮೆಷಿನ್ನಿನಲ್ಲಿ ಆದ ಗಾಯದ ನಂಜು ರಕ್ತಕ್ಕೇರಿತ್ತು.

ಆ ಬೆಳಿಗ್ಗೆ ನೀವು ಬಾಗಿಲಲ್ಲಿ ನಿಂತು ಹೇಳಿದ್ದಿಷ್ಟೇ: "ಸೆಪ್ಟಿಕ್ ಶಾಕ್. ವಿಟಮಿನ್ ಥೆರಪಿ ಸ್ಟಾರ್ಟ್ ಮಾಡಿದ್ದೀವಿ ಮೇಡಂ." ಮೊದಲ ಮಾತು ನನಗೆ ತಿಳಿಯಲಿಲ್ಲ. ಎರಡನೆಯದು ತಿಳಿಯಿತು ಅಂದುಕೊಂಡೆ. ನಮ್ಮ ಕಡೆ ವಿಟಮಿನ್ ಬರೆದುಕೊಡುವುದು ಜ್ವರ ಬಿಟ್ಟವರಿಗೆ, ಬಾಣಂತಿಗೆ, ಆಸ್ಪತ್ರೆಯಿಂದ ಮನೆಗೆ ಹೊರಟವರಿಗೆ.

ನಮ್ಮತ್ತೆ ಚನ್ನಬಸಮ್ಮ ಮಗನನ್ನು ನೋಡಲು ದಾವಣಗೆರೆಯಲ್ಲಿ ಬಸ್ ಹತ್ತಿ ಕೂತಿದ್ದರು. "ವಿಟಮಿನ್ ಏರಿಸ್ತಿದ್ದಾರಂತೆ ಅತ್ತೆ, ಗಾಬರಿ ಬೇಡ, ಈ ಬಿಸಿಲಲ್ಲಿ ಬರಬೇಡಿ" ಎಂದು ಫೋನ್ ಮಾಡಿದೆ. ಬಸ್ಸಿಳಿದು ಮನೆಗೆ ಹೋದರು. ಸಂಜೆಗೆ ಅವರ ಮಗ ಹೋಗಿಬಿಟ್ಟರು.

ಔಷಧದ ಮೇಲೆ ನನ್ನ ದೂರಿಲ್ಲ. ಉಳಿದದ್ದೆಲ್ಲ ಕೈಕೊಟ್ಟ ಮೇಲೆ ಕೊನೆಯ ಪ್ರಯತ್ನವೆಂದು ಅದನ್ನು ಕೊಟ್ಟಿರಿ ಎಂದು ನರ್ಸ್ ಆಮೇಲೆ ಹೇಳಿದರು. ಅಷ್ಟನ್ನು ಬೆಳಿಗ್ಗೆ ನೀವೇ ಹೇಳಲು ಏನಾಗಿತ್ತು? ಕನ್ನಡ ಬರುವುದಿಲ್ಲ ಅನ್ನಬೇಡಿ. ನಿಮ್ಮ ಕಾರಿಗೆ ಜಾಗ ಬಿಡಿಸಲಿಲ್ಲವೆಂದು ವಾಚ್‌ಮನ್‌ಗೆ "ಕಣ್ಣು ಕಾಣಲ್ವೇನಯ್ಯಾ ನಿಂಗೆ?" ಎಂದು ಬೈದದ್ದನ್ನು ನಾನೇ ಕೇಳಿದ್ದೇನೆ. "ಉಳಿಯೋದು ಕಷ್ಟ, ಬರೋರಿದ್ರೆ ಬರಲಿ" ಅನ್ನಲು ಮಾತ್ರ ನಾಲಿಗೆ ಏಳಲಿಲ್ಲವೇ?

ಅತ್ತೆ ದಿನಾ ನನ್ನನ್ನು ಕೇಳುತ್ತಾರೆ: "ವಿಟಮಿನ್ ಹಾಕಿಸ್ಕೊಂಡೋರು ಸಾಯ್ತಾರೇನವ್ವಾ?"

ಅವರ ವಿಳಾಸ ಈ ಹಾಳೆಯ ಹಿಂದಿದೆ. ಉತ್ತರ ನೀವೇ ಬರೆಯಿರಿ. ಅವರಿಗೆ ಕನ್ನಡ ಓದಲು ಬರುತ್ತದೆ.

ಹೇಮಲತಾ