ಸೀಟ್ ಬೆಲ್ಟಿನ ಕೊನೆ

ಲೇಕ್ ಚಾರ್ಲ್ಸ್, ಶುಕ್ರವಾರ, ಅಕ್ಟೋಬರ್ 11

ಕಾರಿಲ್ಲದಿದ್ದರೆ ಸೋಮವಾರದಿಂದ ಸಿಗಡಿ ಕಾರ್ಖಾನೆಯ ಕೆಲಸವಿಲ್ಲ. ಅಲ್ಲಿಗೆ ಬಸ್ಸು ಹೋಗುವುದಿಲ್ಲ. ಆದರೂ ಇವತ್ತು ನೋಡಲು ಹೋಗಿದ್ದ ಹಳೆಯ ನೀಲಿ ಕಾರು ಬೇಡವೆಂದೆ.

ವಿಮೆಯವರು ಅದನ್ನು ಗುಜರಿಯೆಂದು ಕೈಬಿಟ್ಟ ಮುದ್ರೆ ಕಾರಿನ ಕಾಗದದ ಮೇಲೇ ಇತ್ತು. "ಏನಿಲ್ಲ ಕಣಪ್ಪ, ಜಿಂಕೆಗೆ ಗುದ್ದಿದ್ದು ಅಷ್ಟೇ," ಎಂದ ಮಾರುವ ಓಟಿಸ್. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಒಳಗಿನ ತುದಿಯಲ್ಲಿ ಒಣಗಿದ ಕೆಸರು. ನೆರೆಯಲ್ಲಿ ಮುಳುಗಿದ ಕಾರು.

"ಜಿಂಕೆ ಈಜ್ತಾ ಇತ್ತಾ?" ಎಂದೆ.

ಜೊತೆಗಿದ್ದ ಅಣ್ಣ ಡೆಸ್ಮಂಡ್ ಪಕ್ಕಕ್ಕೆಳೆದು ಗದರಿದ: "ಸ್ಕೂಲ್ ಬಿಟ್ಟೋನಿಗೆ ಇಷ್ಟೊಂದು ಸತ್ಯ ಯಾಕೋ? ಈಗ ತಗೋ. ಬೆಲ್ಟ್ ಬದಲಾಯ್ಸಿ ಆಮೇಲೆ ಯಾರಿಗಾದ್ರೂ ದಾಟಿಸು."

ಅದು ನನ್ನಿಂದಾಗದು. ಬೆಲ್ಟ್ ಒಳಕ್ಕೆ ಜಾರದಂತೆ ಗಂಟು ಹಾಕಿ, ಮುಂದೆ ಕೊಳ್ಳಲು ಬರುವವರಿಗೆ ಕೆಸರು ಕಾಣುವಂತೆ ಬಿಟ್ಟು ಬಂದೆ. ಓಟಿಸ್ ಈಗಾಗಲೇ ಗಂಟು ಬಿಚ್ಚಿರಬಹುದು. ಸೋಮವಾರಕ್ಕೆ ಡೆಸ್ಮಂಡನ ಸೈಕಲ್ಲೇ ಗತಿ, ಅವನು ಕೊಟ್ಟರೆ.